ತಿಳಿ ಬಸಿದ ಸೀಸೆ

ತಿಗನಾರೆಯ ರುದ್ರಸ್ವಾಮಿಯವರು ಹರಳೆಣ್ಣೆ ಕಾಯಿಸಿದರೆ ಮೂರು ದಿನ ಆ ಮನೆಯಲ್ಲಿ ಯಾರೂ ಜೋರಾಗಿ ಸೀನುವ ಹಾಗಿಲ್ಲ. ಎಣ್ಣೆಯ ಪಾತ್ರೆ ನಡುಮನೆಯ ಮೂಲೆಯಲ್ಲಿ ಕೂತಿರುತ್ತದೆ, ಅದರ ಪಕ್ಕದಲ್ಲಿ ಅವರು ಕೂತಿರುತ್ತಾರೆ. ಗಸಿಯೆಲ್ಲ ತಳಕ್ಕಿಳಿದು, ಮೇಲೆ ತಿಳಿ ನಿಂತು, ಆ ತಿಳಿಯಲ್ಲಿ ತಮ್ಮ ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಕಾಣುವವರೆಗೆ ಅವರು ಅದನ್ನು ಬಸಿಯುವುದಿಲ್ಲ. ಒಂದು ವರ್ಷ ಹೀಗೆ ಕೂತಿದ್ದಾಗ ಕಾಡಾನೆಯೊಂದು ಹಿತ್ತಲಿಗೆ ಬಂದು ಇಪ್ಪತ್ತೆರಡು ಬಾಳೆಗಿಡ ತಿಂದು, ತೊಟ್ಟಿಯ ನೀರು ಕುಡಿದು, ಬಂದ ದಾರಿಯಲ್ಲೇ ವಾಪಸು ಹೋಯಿತು. ಅವರು ಏಳಲಿಲ್ಲ. ಎದ್ದರೆ ನೆಲ ಅಲುಗಿ ಎಣ್ಣೆ ಕದಡುತ್ತದೆ ಎಂದರು. ಆನೆ ನಡೆದಾಗ ನೆಲ ಅಲುಗಲಿಲ್ಲವೇ ಎಂದು ಕೇಳಿದವರಿಗೆ, ಆನೆ ಮೆತ್ತಗೆ ನಡೆಯುತ್ತದೆ, ನಮ್ಮ ಮನೆಯವರ ಹಾಗಲ್ಲ ಎಂದು ಉತ್ತರ ಕೊಟ್ಟರು.

ಸೊಸೆ ಶೈಲಶ್ರೀ ಈ ಮನೆಗೆ ಬಂದು ಆರು ವರ್ಷವಾಗಿತ್ತು. ಮಾವನ ಈ ಗುಣ ಅವಳಿಗೆ ಬೇಸರ ತರಿಸಿದ್ದಿಲ್ಲ. ತುಪ್ಪವಿರಲಿ, ಜೇನಿರಲಿ, ಮಳೆಗಾಲದ ಕೆಂಪು ನೀರಿರಲಿ, ಅಲ್ಲಿ ಬಾಯಿಗೆ ಹೋಗುವುದೆಲ್ಲ ತಿಳಿಯಾಗಿಯೇ ಹೋಗುತ್ತಿತ್ತು, ಯಾರಿಗೂ ಹೊಟ್ಟೆ ಕೆಟ್ಟದ್ದೂ ಇಲ್ಲ. ಅವಳ ಕಷ್ಟ ಶುರುವಾದದ್ದು ಅತ್ತೆಯ ಕಾಲ್ಬೆರಳಿನಿಂದ.

ಅತ್ತೆ ಪುಟ್ಟಮಲ್ಲಮ್ಮನಿಗೆ ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಕೊಂಡು ಹೇಗೋ ನಡೆದಿತ್ತು. ದೀಪಾವಳಿಗೆ ಹತ್ತು ದಿನ ಇರುವಾಗ ಹೊಲದಲ್ಲಿ ಜೋಳದ ಕೂಳೆ ಎಡಗಾಲಿಗೆ ಚುಚ್ಚಿತು, ಕಾಲುಂಗುರದ ಬೆರಳಿಗೇ. ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಬೆರಳು ಊದಿ, ಕಾಲುಂಗುರ ಕಚ್ಚಿಕೊಂಡು, ಅದನ್ನು ಇಕ್ಕಳದಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಡಾಕ್ಟರು ಗಾಯ ನೋಡಿ, ರಕ್ತ ನೋಡಿ, ಮಾತ್ರೆ ಸಾಲದು, ಇನ್ಸುಲಿನ್ ಸೂಜಿ ಬೇಕು ಎಂದರು. ತಿಂಗಳೊಳಗೆ ಸಕ್ಕರೆ ಇಳಿದರೆ ಗಾಯ ಮಾಯುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕಾಗಬಹುದು ಎಂದೂ ಹೇಳಿದರು.

ರುದ್ರಸ್ವಾಮಿಯವರು ತುಂಡಾದ ಕಾಲುಂಗುರವನ್ನು ವೀಳ್ಯದೆಲೆಯ ಚೀಲದೊಳಗೆ ಹಾಕಿಕೊಂಡರು.

ದೀಪಾವಳಿಯ ಮಾರನೇ ದಿನ ನರ್ಸ್ ರೇವತಿ ಸ್ಕೂಟರಿನಲ್ಲಿ ಬಂದು ಸೂಜಿ ಹಾಕುವುದನ್ನು ತೋರಿಸಿಕೊಟ್ಟಳು. ತಾಳವಾಡಿಯ ಹುಡುಗಿ, ಎಲ್ಲವನ್ನೂ ಎರಡು ಸಲ ಹೇಳುವವಳು. ಶೈಲಶ್ರೀ ಆಗ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದಳು. ಕೊನೆಯ ಮಾತುಗಳಷ್ಟೇ ಕಿವಿಗೆ ಬಿದ್ದವು: ಸೂಜಿ ಹಾಕಿದ ಅರ್ಧ ಗಂಟೆಯೊಳಗೆ ಊಟ ಆಗಬೇಕು, ಕೈ ನಡುಗಿ, ಬೆವರು ಬಂದರೆ ಸಕ್ಕರೆ ಇಳಿದಿದೆ ಅಂತ, ಮೊದಲು ಸಿಹಿ ಬಾಯಿಗೆ, ಆಮೇಲೆ ಸಕ್ಕರೆ ನೋಡುವ ಮಿಷನ್ನು, ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ನನಗೆ ಕೊಡಿ, ತಿಪ್ಪೆಗೆ ಎಸೆಯಬೇಡಿ.

ಸೂಜಿ ಯಾರು ಹಾಕಬೇಕು ಎಂಬ ಚರ್ಚೆಯೇ ನಡೆಯಲಿಲ್ಲ.

"ನಾನು ಆಕ್ತೀನಿ," ಎಂದರು ರುದ್ರಸ್ವಾಮಿ. "ಎಷ್ಟು ಅಸ, ಎಷ್ಟು ಎಮ್ಮೆಗೆ ಆಕಿಲ್ಲ ನಾನು."

"ಒದ್ದುಬುಟ್ಟೇನು, ನೋಡ್ಕಳಿ," ಎಂದಳು ಪುಟ್ಟಮಲ್ಲಮ್ಮ.

ಸೂಜಿ ತೊಡೆಗೆ, ಇಲ್ಲವೇ ಹೊಟ್ಟೆಗೆ. ಆದ್ದರಿಂದ ಬೆಳಿಗ್ಗೆ, ಸಂಜೆ ಒಳಕೋಣೆಯ ಬಾಗಿಲು ಮುಚ್ಚುತ್ತಿತ್ತು. ಒಳಗೆ ಗಂಡ ಹೆಂಡತಿ, ಹೊರಗೆ ಸೊಸೆ. ಮಾವ ಇರುವ ಮುಚ್ಚಿದ ಕೋಣೆಗೆ ಸೊಸೆ ಕಾಲಿಡುವುದು ಆ ಮನೆಯಲ್ಲಿ ಇರಲಿಲ್ಲ. ಬಳಸಿದ ಸೂಜಿಯನ್ನು ಅವರು ತಟ್ಟೆಯಲ್ಲಿಟ್ಟು ಹೊಸ್ತಿಲ ಮೇಲೆ ಇಡುತ್ತಿದ್ದರು. ಅವಳು ಅದನ್ನು ಬಾಟಲಿಗೆ ಹಾಕುತ್ತಿದ್ದಳು. ಊಟದ ಜವಾಬ್ದಾರಿ ಅವಳದು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಅತ್ತೆಯ ಬೆರಳು ಚುಚ್ಚಿ ಮಿಷನ್ನಿನಲ್ಲಿ ಸಕ್ಕರೆ ನೋಡಿ ಕ್ಯಾಲೆಂಡರಿನ ಹಿಂದೆ ಬರೆಯುವುದೂ ಅವಳದೇ.

ಮೊದಲ ಜಗಳ ಔಷಧಿಯ ಸೀಸೆಯನ್ನು ಎಲ್ಲಿಡಬೇಕು ಎಂಬುದಕ್ಕೆ ಬಂತು. ಶೈಲಶ್ರೀಯ ತವರಿನವರು ಮದುವೆಯಲ್ಲಿ ಕೊಟ್ಟ ಫ್ರಿಜ್ ಮನೆಯಲ್ಲಿತ್ತು. ರುದ್ರಸ್ವಾಮಿಯವರು ಸೀಸೆಯನ್ನು ಅದರಲ್ಲಿಡಲು ಒಪ್ಪಲಿಲ್ಲ. ಮರಳು ತುಂಬಿದ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ಮರಳಿಗೆ ನೀರು ಹಾಕಿ, ತಣ್ಣಗಾದ ಆ ಸಣ್ಣ ಮಡಕೆಯಲ್ಲಿ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರು.

"ಪ್ರಿಜ್ಜು ನಡುಗ್ತದೆ," ಎಂದರು.

ಫ್ರಿಜ್ ನಡುಗಿದರೆ ಏನು ಎಂದು ಶೈಲಶ್ರೀ ಕೇಳಲಿಲ್ಲ. ತವರಿನ ಸಾಮಾನಿಗೆ ಹೆಸರಿಟ್ಟರು ಎಂದು ತಿಳಿದು ಎರಡು ದಿನ ಸಾರಿಗೆ ಉಪ್ಪು ಕಡಿಮೆ ಹಾಕಿದಳು.

ಮೊದಲ ಸೋಮವಾರ ಮಿಷನ್ನು ಇನ್ನೂರ ಎಂಬತ್ತಾರು ತೋರಿಸಿತು. ಗುರುವಾರ ಇನ್ನೂರ ತೊಂಬತ್ತೆರಡು.

"ಏನಾಕ್ತಿದ್ದೀಯಮ್ಮಿ ತಟ್ಟೆಗೆ?" ಎಂದು ಊಟಕ್ಕೆ ಕೂತಾಗ ರುದ್ರಸ್ವಾಮಿ ಕೇಳಿದರು. "ಸೂಜಿ ಒಂದೊತ್ತೂ ತಪ್ಪಿಸಿಲ್ಲ ನಾನು."

"ನರ್ಸಮ್ಮ ಏಳಿದ್ದೇ ಮಾವ. ಅರ್ಧ ಮುದ್ದೆ, ಸೊಪ್ಪು, ಉಳ್ಳಿಕಾಳು."

"ಅದು ಮುದ್ದೆಯಾ?" ಎಂದಳು ಪುಟ್ಟಮಲ್ಲಮ್ಮ. "ಮಕ್ಕ ಆಡೋ ಗೋಲಿ ಕಣ. ತಟ್ಟೆ ವಸಿ ವಾಲುದ್ರೆ ಉರುಳ್ಕಂಡು ಕೊಟ್ಟಿಗೆಗೆ ಓಯ್ತದೆ."

"ಇನ್ನೂ ವಸಿ ಕಮ್ಮಿ ಮಾಡು," ಎಂದ ಗಂಡ ಚನ್ನಬಸವ, ತನ್ನ ತಟ್ಟೆಯ ಮೂರನೇ ಮುದ್ದೆ ಮುರಿಯುತ್ತ. ಅವನು ಪಿಕಪ್ ವಾಹನದಲ್ಲಿ ಟೊಮೆಟೊ, ಕೋಸು ತುಂಬಿಕೊಂಡು ದಿಂಬದ ಘಾಟಿ ಇಳಿದು ಸತ್ಯಮಂಗಲದ ಮಾರ್ಕೆಟ್ಟಿಗೆ ಹೋಗುವವನು. ಮನೆಯಲ್ಲಿ ಇರುವುದು ಊಟದ ಹೊತ್ತು ಮಾತ್ರ, ಆದ್ದರಿಂದ ಊಟದ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

ಮುದ್ದೆ ಇನ್ನೂ ಸಣ್ಣದಾಯಿತು. ಎರಡನೇ ವಾರ ಸಕ್ಕರೆ ನೂರ ನಲವತ್ತಕ್ಕಿಳಿಯಿತು, ಆ ಗುರುವಾರ ತೊಂಬತ್ತು. ಚನ್ನಬಸವ ತಾನೇ ಇಳಿಸಿದವನಂತೆ ಮೀಸೆ ತಿರುವಿದ. ಪುಟ್ಟಮಲ್ಲಮ್ಮ ಮಾತ್ರ ಬೆಳಗಿನ ಜಾವ ಎದ್ದು ಕೂರತೊಡಗಿದಳು.

"ಮೈಯೆಲ್ಲ ನೀರಾಯ್ತದೆ ಕಣಮ್ಮಿ. ಕೈ ನಡುಗ್ತದೆ."

"ಕಾರ್ತಿಕದ ಚಳಿ," ಎಂದರು ರುದ್ರಸ್ವಾಮಿ.

ಚಳಿಗೆ ಯಾರಾದರೂ ಬೆವರುತ್ತಾರೆಯೇ ಎಂಬ ಪ್ರಶ್ನೆ ಶೈಲಶ್ರೀಯ ನಾಲಗೆಯವರೆಗೆ ಬಂದು ನಿಂತಿತು. ನರ್ಸಿನ ಮಾತು ನೆನಪಿಗೆ ಬಂದು, ಅತ್ತೆಯ ಸೆರಗಿನ ತುದಿಗೆ ಒಂದು ಅಚ್ಚು ಬೆಲ್ಲದ ಚೂರು ಕಟ್ಟಿಕೊಟ್ಟಳು. ನಡುಕ ಬಂದಾಗ ಬಾಯಿಗೆ ಹಾಕಿಕೊಳ್ಳಿ ಎಂದಳು. ನಡುಕ ಎರಡು ಸಲ ಬಂತು, ಬೆಲ್ಲ ಎರಡು ಸಲ ಹೋಯಿತು.

ಅಷ್ಟರಲ್ಲಿ ಮೊದಲ ಸೀಸೆ ಮುಗಿಯಿತು. ಹೊಸ ಸೀಸೆ ಮಡಕೆಗೆ ಇಳಿಯಿತು. ಮೂರನೇ ಸೋಮವಾರ ಮಿಷನ್ನು ಮುನ್ನೂರ ನಾಲ್ಕು ತೋರಿಸಿತು.

ಅದೇ ದಿನ ಅತ್ತೆಯ ಸೀರೆ ಒಗೆಯಲು ತೆಗೆದಾಗ ಚನ್ನಬಸವನ ಕಣ್ಣಿಗೆ ಆ ಗಂಟು ಬಿತ್ತು. ಬಿಚ್ಚಿದ. ಬೆಲ್ಲವನ್ನು ನಡುಮನೆಯ ನೆಲದ ಮೇಲಿಟ್ಟ, ಕಳ್ಳಸಾಗಣೆ ಹಿಡಿದ ಅರಣ್ಯ ಗಾರ್ಡಿನ ಹಾಗೆ.

"ಯಾರು ಕೊಟ್ಟೋರು ಇದ?"

"ನಾನೇ," ಎಂದಳು ಶೈಲಶ್ರೀ. "ಕೈ ನಡುಗ್ತದೆ ಅಂದ್ರು ಅದ್ಕೆ."

"ಮುನ್ನೂರು ಇರೋಳ್ಗೆ ಬೆಲ್ಲ. ಬೆರಳು ಓದ್ರೆ ನಿಂದು ಓಯ್ತದಾ?"

"ಕೊಟ್ಟಾಗ ತೊಂಬತ್ತಿತ್ತು. ಬರ್ದಿವ್ನಿ, ಬೇಕಾದ್ರೆ ನೋಡಿ."

"ಬರ್ದಿದ್ದು ಯಾರು? ನೀನೇ."

ರುದ್ರಸ್ವಾಮಿಯವರು ಸೊಸೆಯನ್ನು ಬೈಯಲಿಲ್ಲ. ವೀಳ್ಯದೆಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. "ನಾನು ಇಷ್ಟು ಜೋಪಾನವಾಗಿ ಆಕ್ತಾವ್ನಿ," ಎಂದರು. "ಒಳಗೆ ನಾನು ಕಟ್ಟಿದ್ದ ನೀನು ಒರಗೆ ಬಿಚ್ತಾ ಇದ್ದೀಯ ಕಣವ್ವ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಚನ್ನಬಸವ ಬೆಲ್ಲ, ಸಕ್ಕರೆ, ಜೇನಿನ ಬಾಟಲಿ, ಪಾನಕದ ಪುಡಿ, ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಜಡಿದು ಬೀಗದ ಕೈಯನ್ನು ಅಂಗಿ ಜೇಬಿಗೆ ಹಾಕಿಕೊಂಡ. ಮರುದಿನದಿಂದ ಮನೆಯವರೆಲ್ಲ ಸಕ್ಕರೆಯಿಲ್ಲದ ಕಾಫಿ ಕುಡಿದರು. ಕ್ಯಾಲೆಂಡರಿನ ಲೆಕ್ಕ ನೋಡಿದ ಡಾಕ್ಟರು ಸೂಜಿಯ ಪ್ರಮಾಣ ಏರಿಸಿದರು: ಬೆಳಿಗ್ಗೆ ಹದಿನಾರು ಯೂನಿಟ್ ಇದ್ದದ್ದು ಇಪ್ಪತ್ತು, ಸಂಜೆ ಹತ್ತಿದ್ದದ್ದು ಹದಿನಾಲ್ಕು.

ನಾಲ್ಕನೇ ವಾರ. ಕಡೇ ಕಾರ್ತಿಕ ಸೋಮವಾರ.

ಆ ದಿನ ಪುಟ್ಟಮಲ್ಲಮ್ಮ ಬೇಗ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಳು. ಪೂಜೆ ಮುಗಿಯುವವರೆಗೆ ಅವಳು ನೀರೂ ಮುಟ್ಟುವವಳಲ್ಲ. ಆಮೇಲೆ ಸೂಜಿ, ಆಮೇಲೆ ತಿಂಡಿ. ಚನ್ನಬಸವ ಕೋಸು ತುಂಬಿಕೊಂಡು ಆಗಲೇ ಹೊರಟುಹೋಗಿದ್ದ. ಬೀಗದ ಕೈ ಅವನ ಜೇಬಿನಲ್ಲಿ ಘಾಟಿ ಇಳಿಯುತ್ತಿತ್ತು.

ಶೈಲಶ್ರೀ ಹೂವಿನ ತಟ್ಟೆ ತಂದಾಗ ಅತ್ತೆಯ ಅಂಗೈಯಲ್ಲಿ ಲಿಂಗ ಅದುರುತ್ತಿತ್ತು. ಮೇಲಿಟ್ಟ ಬಿಲ್ವಪತ್ರೆ ಉದುರಿ ಮಡಿಲಿಗೆ ಬಿದ್ದಿತ್ತು.

"ಇವತ್ತು ಶಿವ ಒಲಿದವ್ನೆ," ಎಂದರು ರುದ್ರಸ್ವಾಮಿ, ಮೆಲ್ಲಗೆ. "ಅಲುಗಿಸ್ಬೇಡ."

ಅತ್ತೆಯ ಬೆನ್ನಿನ ರವಿಕೆ ಒದ್ದೆಯಾಗಿ ಮೈಗೆ ಅಂಟಿತ್ತು. ಹೊರಗೆ ಮಂಜು ಇನ್ನೂ ಎದ್ದಿರಲಿಲ್ಲ.

"ಅತ್ತೆ."

ಪುಟ್ಟಮಲ್ಲಮ್ಮ ಕಣ್ಣು ಬಿಟ್ಟಳು. "ಯಾರವ್ವ ನೀನು? ಬಸ್ಸು ಬಂತಾ?"

ಶೈಲಶ್ರೀ ಅತ್ತೆಯ ಕೈಗೆ ತನ್ನ ಕೈ ಆಸರೆ ಕೊಟ್ಟಳು. ಕೈ ಮಂಜುಗಡ್ಡೆಯಂತಿತ್ತು. ರುದ್ರಸ್ವಾಮಿಯವರು ಆಗಲೇ ಒಳಕೋಣೆಗೆ ಹೋಗಿದ್ದರು. ಹಿಂತಿರುಗಿ ಬಂದಾಗ ಕೈಯಲ್ಲಿ ತುಂಬಿದ ಸೂಜಿಯಿತ್ತು.

"ಸಕ್ಕರೆ ತಲೆಗೇರ್ಬುಟ್ಟದೆ. ದಾರಿ ಬುಡು."

"ಬೇಡಿ ಮಾವ. ಇಳಿದದೆ. ಏರಿದ್ರೆ ಇಂಗೆ ಬೆವರಲ್ಲ."

"ದಾರಿ ಬುಡು ಅಂದೆ."

ಅವಳು ಬಿಡಲಿಲ್ಲ. ಆರು ವರ್ಷದಲ್ಲಿ ಅವಳು ಮಾವನ ಎದುರು ಹೀಗೆ ನೆಟ್ಟಗೆ ನಿಂತದ್ದಿಲ್ಲ. ಸೂಜಿಯ ಮೊನೆ ಅವಳ ಸೆರಗಿನಿಂದ ಒಂದು ಗೇಣು ದೂರದಲ್ಲಿತ್ತು.

"ಒಂದು ಗಳಿಗೆ ಕೊಡಿ ನಂಗೆ. ಸಿಹಿ ಕೊಡ್ತೀನಿ, ಆಮೇಲೆ ಮಿಷನ್ ಇಡ್ತೀನಿ. ನಾನು ತಪ್ಪಾಗಿದ್ರೆ ನೀವೇ ನನ್ನ ತವರಿಗೆ ಬುಟ್ಟು ಬನ್ನಿ."

"ಸಕ್ಕರೆ ಕಾಯಿಲೆಯೋಳ್ಗೆ ಸಕ್ಕರೆ ಕೊಟ್ಟು ಕೊಲ್ತೀಯಾ?"

ಅವಳು ಸುತ್ತ ನೋಡಿದಳು. ಬೀರುವಿಗೆ ಬೀಗ. ಮನೆಯಲ್ಲಿ ಸಿಹಿ ಎಂಬುದು ಒಂದೇ ಕಡೆ ಉಳಿದಿತ್ತು. ಪೂಜೆಯ ತಟ್ಟೆಯಲ್ಲಿ, ನೈವೇದ್ಯದ ಕಲ್ಲುಸಕ್ಕರೆ. ಅದನ್ನು ಬೀಗದೊಳಗೆ ಇಡುವಷ್ಟು ಧೈರ್ಯ ಚನ್ನಬಸವನಿಗೂ ಇರಲಿಲ್ಲ. ಅವಳು ಬಟ್ಟಲು ಎತ್ತಿಕೊಂಡಳು.

"ನೈವೇದ್ಯ ಆಗಿಲ್ಲ ಇನ್ನೂವೆ," ಎಂದರು ಮಾವ.

"ಶಿವ ಕಾಯ್ತಾನೆ ಮಾವ. ಅತ್ತೆ ಕಾಯಕ್ಕಾಗಲ್ಲ."

ಕಲ್ಲುಸಕ್ಕರೆಯನ್ನು ಒರಳಿಗೆ ಹಾಕಿ ಎರಡೇಟಿಗೆ ಪುಡಿ ಮಾಡಿ, ಲೋಟದ ನೀರಿಗೆ ಸುರಿದು ಕದಡಿದಳು. ಅತ್ತೆಯನ್ನು ಎದೆಗೊರಗಿಸಿ ಕೂರಿಸಿಕೊಂಡು, ನುಂಗುತ್ತಾಳೆಯೇ ಎಂದು ಗಂಟಲ ಮೇಲೆ ಕಣ್ಣಿಟ್ಟು, ಗುಟುಕು ಗುಟುಕಾಗಿ ಕುಡಿಸಿದಳು. ಮೂರನೇ ಗುಟುಕಿಗೆ ಪುಟ್ಟಮಲ್ಲಮ್ಮ ತಾನೇ ಲೋಟ ಹಿಡಿದಳು. ಆಮೇಲೆ ಶೈಲಶ್ರೀ ಬೆರಳು ಚುಚ್ಚಿ ಮಿಷನ್ನಿನ ಪಟ್ಟಿಗೆ ರಕ್ತ ಮುಟ್ಟಿಸಿದಳು. ಐದು ಎಣಿಸುವಷ್ಟು ಹೊತ್ತು ಮಿಷನ್ನು ಸುಮ್ಮನಿತ್ತು.

ನಲವತ್ತಾರು.

ಅವಳು ಅದನ್ನು ಮಾವನ ಕಡೆಗೆ ತಿರುಗಿಸಿ ಹಿಡಿದಳು. ರುದ್ರಸ್ವಾಮಿಯವರು ಸಂಖ್ಯೆಯನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಸೂಜಿಯನ್ನು ನೋಡಿದರು, ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು.

ಕಾಲು ಗಂಟೆ ಬಿಟ್ಟು ನೋಡಿದಾಗ ಎಂಬತ್ತೆಂಟಿತ್ತು. ಪುಟ್ಟಮಲ್ಲಮ್ಮ ಮಡಿಲಿನ ಬಿಲ್ವಪತ್ರೆ ಆರಿಸಿಕೊಂಡು, "ಏನು ಇಂಗೆ ನೋಡ್ತಾ ಇದ್ದೀರಿ, ನಾನೇನು ಸತ್ತೋಗಿದ್ನಾ?" ಎಂದಳು. ಆಮೇಲೆ ಖಾಲಿ ಬಟ್ಟಲು ನೋಡಿ, "ಶಿವನ್ದೂ ತಿನ್ಸಿಬುಟ್ಟಾ?" ಎಂದಳು. ತಿಂಡಿ ತಂದಿಟ್ಟಾಗ, "ಇವತ್ತಾದ್ರೂ ದೊಡ್ಡ ಮುದ್ದೆ ಮಾಡವ್ವ," ಎಂದು ಕೇಳಿದಳು.

ಅತ್ತೆ ತಿನ್ನುತ್ತಿರುವಾಗ ಶೈಲಶ್ರೀ ತಟ್ಟೆಯಲ್ಲಿದ್ದ ಸೂಜಿಯನ್ನು ಎತ್ತಿಕೊಂಡಳು. ಬಾಟಲಿಗೆ ಹಾಕಲು ಹೋದವಳು ನಿಂತಳು. ಸೂಜಿಯೊಳಗಿನ ಔಷಧಿ ಗೋಡೆಗೆ ಬಳಿಯುವ ಸುಣ್ಣದ ಹಾಗೆ ಬೆಳ್ಳಗೆ, ಮಂದವಾಗಿತ್ತು. ಹೊಸ ಸೀಸೆ ತೆಗೆದ ದಿನಗಳಲ್ಲಿ ಬಾಟಲಿಗೆ ಹಾಕಿದ ಸೂಜಿಗಳ ತುದಿಯಲ್ಲಿ ಉಳಿದ ಹನಿ ಅವಳಿಗೆ ನೆನಪಿತ್ತು. ಅದು ನೀರಿನ ಹಾಗೆ ತಿಳಿಯಾಗಿತ್ತು. ಒಂದೇ ಸೀಸೆ, ಒಂದೇ ಔಷಧಿ.

"ಮಾವ," ಎಂದಳು. "ಒಳಗೆ ಇದ ಎಂಗೆ ಎಳೀತೀರಿ, ನಂಗೆ ತೋರ್ಸಿ."

ಆ ದಿನ ಮೊದಲ ಸಲ ಒಳಕೋಣೆಯ ಬಾಗಿಲು ತೆರೆದೇ ಇತ್ತು. ರುದ್ರಸ್ವಾಮಿಯವರು ಮಡಕೆಯೊಳಗಿಂದ ಇನ್ನೂ ತೆರೆಯದ ಸೀಸೆ ತೆಗೆದು ಎದುರಿಗೆ ಇಟ್ಟರು. ಹೇಳುವಾಗ ದನಿಯಲ್ಲಿ ಹೆಮ್ಮೆಯ ಚೂರೊಂದು ಇನ್ನೂ ಉಳಿದಿತ್ತು.

"ಅಲುಗಿಸ್ದೆ ಮಡಗಬೇಕು. ಗಸಿ ತಳಕ್ಕೆ ಕೂರ್ತದೆ. ಆಮೇಲೆ ಇಂಗೆ, ಎಣ್ಣೆ ಬಸಿದಂಗೆ, ವಸಿ ವಸಿ ವಾಲ್ಸಿ ಮೇಲಿನ ತಿಳಿ ಮಾತ್ರ ಎಳೆಯೋದು. ಬಿಳೀದು ಒಂದು ಚೂರೂ ಬರ್ಬಾರ್ದು. ಕಡೆಕಡೆಗೆ ಗಸಿನೇ ಉಳೀತದೆ, ಏನ್ಮಾಡದು. ಔಸ್ದಿ ಬಿಸಾಕಕ್ಕೆ ಮನಸ್ಸು ಬರಲ್ಲ."

"ನರ್ಸಮ್ಮ ಇಂಗೇ ಏಳುದ್ರಾ?"

"ಕುಲುಕ್ಬ್ಯಾಡಿ ಅಂದ್ಲು. ಅಂಗೈಯಾಗೆ ಉರುಳ್ಸಿ ತೋರ್ಸುದ್ಲು, ಅದು ಚಳಿ ಬುಡ್ಸಕ್ಕೆ. ಮಡಕೇದು ಅಷ್ಟೇನೂ ತಣ್ಣಗಿರಲ್ಲ, ಅದ್ಕೆ ನಾನು ಉರುಳ್ಸಲಿಲ್ಲ."

ಶೈಲಶ್ರೀ ಕ್ಯಾಲೆಂಡರ್ ತೆಗೆದು ಅವರ ಮುಂದೆ ಇಟ್ಟಳು. ಹೊಸ ಸೀಸೆ ತೆಗೆದ ದಿನಕ್ಕೆಲ್ಲ ಅವಳು ಒಂದು ಗೀಟು ಹಾಕಿದ್ದಳು. ಗೀಟು ಬಿದ್ದ ಮೇಲೆ ಇನ್ನೂರ ಎಂಬತ್ತಾರು, ಮುನ್ನೂರ ನಾಲ್ಕು. ಸೀಸೆ ಮುಗಿಯುವ ಹೊತ್ತಿಗೆ, ಮುಂದಿನ ಗೀಟಿಗೆ ಮೊದಲು, ತೊಂಬತ್ತು. ಈಗ ನಲವತ್ತಾರು. ರುದ್ರಸ್ವಾಮಿಯವರು ಬೆರಳಿಟ್ಟು ಎರಡು ಸಲ ಓದಿದರು.

ಫೋನು ಹಚ್ಚಿ ಕರೆಸಿದ ರೇವತಿ ಮಧ್ಯಾಹ್ನ ಬಂದಳು. ಕಥೆ ಕೇಳಿ ಸೀಸೆಯನ್ನು ಕೈಗೆ ತೆಗೆದುಕೊಂಡಳು.

"ಅಯ್ಯಾ, ಅದು ಗಸಿ ಅಲ್ಲ," ಎಂದಳು. "ಅದೂ ಔಸ್ದಿನೇ. ತಿಳಿದು ಬೇಗ ಕೆಲ್ಸ ಮಾಡಿ ಬೇಗ ಮುಗೀತದೆ. ಬಿಳೀದು ನಿಧಾನ, ರಾತ್ರಿಯೆಲ್ಲ ಹಿಡ್ಕಂಡಿರ್ತದೆ. ಎರಡೂ ಸಮ ಬೆರೆತು ಓಗಬೇಕು. ನೀವು ಹತ್ತು ದಿನ ತಿಳಿ ಕೊಟ್ರಿ, ಸಕ್ಕರೆ ಇಳೀಲಿಲ್ಲ. ಕಡೇ ನಾಲ್ಕು ದಿನ ಬಿಳೀದೆಲ್ಲ ಒಟ್ಟಿಗೆ ಕೊಟ್ರಿ, ಅಮ್ಮ ಬಿದ್ರು. ಅದ್ರ ಮೇಲೆ ಅಳತೆ ಬೇರೆ ಏರ್ಸಿದ್ವು."

ಅವಳು ಸೀಸೆಯನ್ನು ಅಂಗೈಗಳ ನಡುವೆ ಮಲಗಿಸಿ ಇಪ್ಪತ್ತು ಸಲ ಉರುಳಿಸಿದಳು. ತಳದಲ್ಲಿದ್ದ ಬಿಳಿ ಎದ್ದು, ಸುತ್ತಿ, ಎಲ್ಲ ಕಡೆ ಒಂದೇ ಸಮ ಹಾಲಾಯಿತು. ಗೆಡ್ಡೆ, ಚೂರು ಏನಾದರೂ ತೇಲಿದರೆ ಆ ಸೀಸೆ ಬೇಡ ಎಂದಳು. ಡಾಕ್ಟರಿಗೆ ಫೋನು ಮಾಡಿ, ಅಳತೆಯನ್ನು ಮೊದಲಿನ ಹದಿನಾರು, ಹತ್ತಕ್ಕೇ ಇಳಿಸಿ ಬರೆದುಕೊಟ್ಟಳು. ಬೆಲ್ಲ ಬೀರುವಿನೊಳಗೆ ಇರಬಾರದು, ಅಮ್ಮನ ಕೈಗೆ ಸಿಗಬೇಕು ಎಂದು ಚನ್ನಬಸವನಿಗೆ ಹೇಳಿಕಳಿಸಿದಳು.

ಚನ್ನಬಸವ ಸಂಜೆ ಬಂದು ಎಲ್ಲ ಕೇಳಿ, ಬೀಗದ ಕೈಯನ್ನು ಜೇಬಿನಿಂದ ತೆಗೆದು ಹೆಂಡತಿಯ ಮುಂದೆ ಹಿಡಿದ.

"ನೀವೇ ಮಡಿಕಳಿ," ಎಂದಳು ಶೈಲಶ್ರೀ. "ಬೆಲ್ಲ ಒರಗೆ ಇಟ್ಟಿವ್ನಿ. ಬೀರುವಿನ ಬೀಗ ಒಡೆದಾಯ್ತು."

ಅವನು ಒಡೆದ ಬೀಗ ನೋಡಿದ, ಒರಳುಕಲ್ಲಿನ ಗುಂಡು ನೋಡಿದ, ಆ ದಿನ ಎರಡೇ ಮುದ್ದೆ ಉಂಡ.

ರುದ್ರಸ್ವಾಮಿಯವರು ಮೂರು ದಿನ ಒಳಕೋಣೆಯ ಕಡೆ ಸುಳಿಯಲಿಲ್ಲ. ಆ ಮೂರು ದಿನ ಸೂಜಿ ಹಾಕಿದವಳು ಶೈಲಶ್ರೀ. ನಾಲ್ಕನೇ ದಿನ ಸಂಜೆ ಅವರು ಬಂದು ಒಳಕೋಣೆಯಲ್ಲಿ ಕೂತರು.

"ಕೊಡವ್ವ ಇಲ್ಲಿ," ಎಂದರು.

ಶೈಲಶ್ರೀ ಅತ್ತೆಯ ಮುಖ ನೋಡಿದಳು. "ಕೊಡು," ಎಂದಳು ಪುಟ್ಟಮಲ್ಲಮ್ಮ. "ನೀನು ಚುಚ್ಚುದ್ರೆ ಚುರ್ ಅಂತದೆ. ಮಾವಂದು ಎಮ್ಮೆ ಡಾಕ್ಟ್ರ ಕೈ, ಗೊತ್ತೇ ಆಗಲ್ಲ."

ಸೀಸೆ ಈಗ ತವರಿನ ಫ್ರಿಜ್ಜಿನಲ್ಲಿತ್ತು. ಫ್ರಿಜ್ ನಡುಗುತ್ತಲೇ ಇತ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಬಾಗಿಲು ತೆರೆದಿಟ್ಟು ಶೈಲಶ್ರೀ ಹೊಸ್ತಿಲಲ್ಲಿ ಕೂರುವುದು, ಮಾವ ಉರುಳಿಸುವುದು, ಅವಳು ಎಣಿಸುವುದು ಎಂದಾಯಿತು. ಪುಷ್ಯ ಕಳೆಯುವ ಹೊತ್ತಿಗೆ ಗಾಯದ ಅಂಚು ಒಳಕ್ಕೆ ಎಳೆದುಕೊಂಡು ಹೊಸ ಚರ್ಮ ಬಂದಿತ್ತು. ತುಂಡಾದ ಕಾಲುಂಗುರ ಅಕ್ಕಸಾಲಿಯ ಹತ್ತಿರ ಹೋಗಿ ಬೆಸುಗೆ ಹಾಕಿಸಿಕೊಂಡು ಬಂದು, ಇನ್ನೂ ಚೀಲದಲ್ಲೇ ಕಾಯುತ್ತಿತ್ತು.

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹಿತ್ತಲಲ್ಲಿ ಬಾಳೆ ಮುರಿಯುವ ಸದ್ದು ಕೇಳಿಸಿತು. ನಾಯಿ ಬೊಗಳಿ, ಆಮೇಲೆ ಯೋಚನೆ ಮಾಡಿ ಒಳಗೆ ಬಂತು.

"ಆನೆ ಬಂದದೆ," ಎಂದಳು ಪುಟ್ಟಮಲ್ಲಮ್ಮ, ಮಂಚದ ಮೇಲಿಂದ. "ಏಳಿ, ತಮಟೆನಾದ್ರೂ ಬಡೀರಿ."

ರುದ್ರಸ್ವಾಮಿಯವರು ಏಳಲಿಲ್ಲ. ಅಂಗೈಗಳ ನಡುವೆ ಸೀಸೆ ಉರುಳುತ್ತಿತ್ತು.

"ಎಷ್ಟಾಯ್ತವ್ವ?"

"ಹನ್ನೆರಡು," ಎಂದಳು ಶೈಲಶ್ರೀ.

"ಇನ್ನೂ ಎಂಟದೆ," ಎಂದು ಹೆಂಡತಿಗೆ ಹೇಳಿದರು. "ತಿನ್ಲಿ ಬುಡು."

ಹೊರಗೆ ಇನ್ನೊಂದು ಬಾಳೆ ಬಿತ್ತು. ಇಪ್ಪತ್ತಾದ ಮೇಲೆ ಅವರು ಸೀಸೆಯನ್ನು ಸೊಸೆಯ ಕಡೆಗೆ ಚಾಚಿದರು.

"ನೋಡು ಕಣವ್ವ. ತಿಳಿ ಏನಾರ ಉಳ್ಕಂಡದಾ?"

ಅವಳು ಅದನ್ನು ದೀಪಕ್ಕೆ ಎತ್ತಿ ಹಿಡಿದಳು. ಆಗಷ್ಟೇ ಕರೆದ ಹಾಲಿನಂತೆ ಮೇಲಿಂದ ಕೆಳಗಿನವರೆಗೆ ಒಂದೇ ಬಿಳುಪು.

"ಒಂದು ಹನೀನೂ ಇಲ್ಲ ಮಾವ," ಎಂದಳು.